ಬೀಡಿ ಸೇದುವವರನ್ನು ನಾವು ನೋಡುವ ರೀತಿ

(ತಾಲೂಕು ಮಟ್ಟದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ, ವಿಶ್ವ ತಂಬಾಕು ರಹಿತ ದಿನದ ಅಂಗವಾಗಿ ಮಾಡಿದ ಭಾಷಣದ ಪಠ್ಯ)



ಮಳೆ ಹಿಡಿಯುವ ಮೊದಲು ಸೌದೆ ಒಳಗೆ ಹಾಕಬೇಕು, ಅಂಗಳದ ಕೆಲಸ ಮುಗಿಸಬೇಕು. ಇಂಥ ಹೊತ್ತಿನಲ್ಲಿಯೂ ಇಷ್ಟು ಜನ ಬಂದು ಕೂತಿದ್ದೀರಿ, ಸಂತೋಷ. ಮೇ 31 ವಿಶ್ವ ತಂಬಾಕು ರಹಿತ ದಿನ ಎಂದು ನಿಮಗೆಲ್ಲ ಗೊತ್ತುಂಟು. ಪ್ರತಿ ವರ್ಷ ಈ ದಿನ ಎಂತ ಮಾಡುತ್ತೇವೆ? ಕ್ಯಾನ್ಸರ್ ಆದ ಬಾಯಿಯ ಚಿತ್ರ ತೋರಿಸುತ್ತೇವೆ, ಶಾಲಾ ಮಕ್ಕಳಿಂದ ಜಾಥಾ ಮಾಡಿಸುತ್ತೇವೆ, ಕೈ ಮುಂದೆ ಚಾಚಿ ಪ್ರತಿಜ್ಞೆ ತೆಗೆದುಕೊಳ್ಳುತ್ತೇವೆ. ಅದೆಲ್ಲ ಬೇಡ ಅಂತ ಅಲ್ಲ. ಆದರೆ ಈ ಸಲ ಬೀಡಿ ಸಿಗರೇಟಿನ ಬಗ್ಗೆ ಸ್ವಲ್ಪ ಕಡಿಮೆ, ಅದನ್ನು ಸೇದುವ ಮನುಷ್ಯರನ್ನು ನಾವು ನೋಡುವ ರೀತಿಯ ಬಗ್ಗೆ ಸ್ವಲ್ಪ ಹೆಚ್ಚು ಮಾತಾಡೋಣ.

ಮೊದಲು ಒಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ಬೀಡಿ, ಸಿಗರೇಟು ಸೇದುವ ಗಂಡಸರು ಇದ್ದಾರಾ? ನೋಡಿ, ಎಷ್ಟು ಕೈ ಮೇಲೆ ಬಂತು! ಇನ್ನು, ಬೀಡಿ ಕಟ್ಟುವವರು ಎಷ್ಟು ಜನ? ಅದಕ್ಕಿಂತಲೂ ಹೆಚ್ಚು ಕೈ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರು? ಸ್ವಲ್ಪ ನಾಚಿಕೆಯಾದರೂ ಕೆಲವರು ಕೈ ಎತ್ತಿದಿರಿ, ಒಳ್ಳೆಯದು. ಈಗ ಕೊನೆಯದು. ಬೀಡಿ ಸೇದುವ ಹೆಂಗಸು ಯಾರಾದರೂ ನಿಮ್ಮ ಸಂಘದಲ್ಲಿ ಇದ್ದಾರಾ? ಒಂದೂ ಕೈ ಇಲ್ಲ. ಬರೀ ನಗು. ಈ ನಗುವಿನ ಬಗ್ಗೆಯೇ ನಾವು ಮಾತಾಡಬೇಕೆಂದು ಬಂದದ್ದು.

ನಮ್ಮ ಊರುಗಳಲ್ಲಿ ಸೇದುವವರನ್ನು ಮೊದಲಿನಿಂದಲೂ ಕೀಳಾಗಿ ಕಾಣುತ್ತಿದ್ದರು ಅಂದುಕೊಳ್ಳಬೇಡಿ. ಕೆಲವು ಕಡೆ ಮದುವೆ ಮನೆಯಲ್ಲಿ ಎಲೆ ಅಡಿಕೆಯ ಹರಿವಾಣದ ಪಕ್ಕದಲ್ಲೇ ಬೀಡಿ, ಸಿಗರೇಟು, ಬೆಂಕಿಪೆಟ್ಟಿಗೆ ಇಡುವ ಕ್ರಮ ಇತ್ತು. ಇಡದಿದ್ದರೆ ಗಂಡಿನ ಕಡೆಯವರ ಮುಖ ಸಣ್ಣದಾಗುತ್ತಿತ್ತು. ಬಸ್ಸಿನ ಡ್ರೈವರು ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದು ಕೈಯಲ್ಲಿ ಬೀಡಿ ಹಿಡಿದು ಘಾಟಿ ಇಳಿಸುತ್ತಿದ್ದ. ನಾವು ಹಿಂದಿನ ಸೀಟಿನಲ್ಲಿ ಸೆರಗು ಮೂಗಿಗೆ ಹಿಡಿದು ಕೂರುವುದು. ಯಾರೂ ಎಂತದೂ ಹೇಳುತ್ತಿರಲಿಲ್ಲ. ಕೂಲಿ ಕೆಲಸದಲ್ಲಿ ಗಂಡಾಳಿಗೆ ನಡುವೆ ಬೀಡಿ ಎಳೆಯುವ ಹೊತ್ತು ಅಂತ ಒಂದು ಪುರುಸೊತ್ತು ಇತ್ತು. ಹೆಣ್ಣಾಳಿಗೆ ಅದೂ ಇಲ್ಲ! ಬೀಡಿ ಸೇದದವಳು ಬೆನ್ನು ನೆಟ್ಟಗೆ ಮಾಡಿ ಐದು ನಿಮಿಷ ನಿಂತರೆ "ಎಂತ ನಿಂತದ್ದು?" ಎಂದು ಕೇಳುತ್ತಿದ್ದರು.

ಸಿನಿಮಾ ನೋಡಿ. ರಜನೀಕಾಂತ್ ಸಿಗರೇಟನ್ನು ಮೇಲಕ್ಕೆ ಎಸೆದು ತುಟಿಯಲ್ಲಿ ಹಿಡಿದರೆ ಟಾಕೀಸಿನಲ್ಲಿ ಶಿಳ್ಳೆ ಬೀಳುತ್ತಿತ್ತು. 1996ರಲ್ಲಿ ಭಾರತ, ಪಾಕಿಸ್ತಾನ, ಶ್ರೀಲಂಕಾದಲ್ಲಿ ನಡೆದ ವಿಶ್ವಕಪ್ ಕ್ರಿಕೆಟಿನ ಹೆಸರೇ ವಿಲ್ಸ್ ವಿಶ್ವಕಪ್. ಅದು ಸಿಗರೇಟಿನ ಹೆಸರು. ಬೆಂಗಳೂರಿನಲ್ಲಿ ನಾವು ಪಾಕಿಸ್ತಾನವನ್ನು ಸೋಲಿಸಿದ ಆ ಮ್ಯಾಚನ್ನು ನಿಮ್ಮ ಗಂಡಂದಿರು ಇವತ್ತಿಗೂ ನೆನಪು ಮಾಡಿಕೊಳ್ಳುತ್ತಾರೆ. ಆಗ ಹದಿನೈದು ವರ್ಷದವರಾಗಿದ್ದ ಹುಡುಗರಿಗೆ ಗಂಡಸುತನ, ಆಟ, ಗೆಲುವು ಎಲ್ಲವನ್ನೂ ಸಿಗರೇಟಿನ ಜೊತೆ ಸೇರಿಸಿ ತೋರಿಸಲಾಯಿತು. ಅದೇ ಹುಡುಗರು ಈಗ ನಲವತ್ತು ದಾಟಿ ಕೆಮ್ಮುತ್ತಿದ್ದಾರೆ. ಈಗ ನಾವು ಅವರಿಗೆ "ನಿಮಗೆ ಬುದ್ಧಿ ಇಲ್ವಾ?" ಅಂತ ಬೈಯುತ್ತೇವೆ.

ಆಮೇಲೆ ಕಾಲ ಬದಲಾಯಿತು. 1999ರಲ್ಲಿ ನೆರೆಯ ಕೇರಳದ ಹೈಕೋರ್ಟು ಸಾರ್ವಜನಿಕ ಸ್ಥಳದಲ್ಲಿ ಸೇದಬಾರದೆಂದು ತೀರ್ಪು ಕೊಟ್ಟಿತು. 2001ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ಅಂಥದೇ ಆದೇಶ ಮಾಡಿತು. 2003ರಲ್ಲಿ ತಂಬಾಕು ನಿಯಂತ್ರಣ ಕಾಯಿದೆ ಬಂತು, ಜಾಹೀರಾತು ನಿಂತಿತು. 2008ರ ಅಕ್ಟೋಬರ್ 2ರಿಂದ ಹೋಟೆಲು, ಬಸ್‌ಸ್ಟ್ಯಾಂಡು, ಕಚೇರಿ, ಆಸ್ಪತ್ರೆ ಎಲ್ಲ ಕಡೆ ನಿಷೇಧದ ನಿಯಮ ಬಿಗಿಯಾಯಿತು. ನಮ್ಮ ರಾಜ್ಯದಲ್ಲಿ 2025ರಲ್ಲಿ ಜಾರಿಯಾದ ತಿದ್ದುಪಡಿಯಿಂದ ಇನ್ನೂರು ರೂಪಾಯಿಯ ದಂಡ ಸಾವಿರಕ್ಕೆ ಏರಿತು, 21 ವರ್ಷ ಆಗದವರಿಗೆ ಮಾರುವಂತಿಲ್ಲ ಎಂದಾಯಿತು. ಇವೆಲ್ಲ ಒಳ್ಳೆಯ ಕಾನೂನು. ಇವುಗಳಿಂದ ಬಸ್ಸಿನಲ್ಲಿ ನಾವು, ನಮ್ಮ ಮಕ್ಕಳು ಉಸಿರಾಡುವ ಹಾಗಾಯಿತು. ಹೊಗೆಯನ್ನು ದೂರ ಇಡುವುದು ನಮ್ಮ ಹಕ್ಕು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಹೊಗೆಯನ್ನು ದೂರ ಇಡುವುದು ಬೇರೆ, ಮನುಷ್ಯನನ್ನು ದೂರ ಇಡುವುದು ಬೇರೆ. ಇದನ್ನು ನಾವು ಕಲಸಿ ಬಿಟ್ಟಿದ್ದೇವೆ. ಅದೂ ಎಲ್ಲರನ್ನೂ ಒಂದೇ ರೀತಿ ದೂರ ಇಡುವುದಿಲ್ಲ. ಯಾರ ಬೀಡಿ, ಯಾರ ಸಿಗರೇಟು ಅಂತ ಮುಖ ನೋಡಿ ಇಡುತ್ತೇವೆ.

ಪೇಟೆಯ ಸಾಹೇಬರು ಕಾರಿಗೆ ಒರಗಿ ಸಿಗರೇಟು ಹಚ್ಚಿದರೆ ಅದು "ಟೆನ್ಶನ್". ಗಾರೆ ಕೆಲಸದವನು ಕಟ್ಟಡದ ಮೂಲೆಯಲ್ಲಿ ಕೂತು ಬೀಡಿ ಹಚ್ಚಿದರೆ ಅದು "ಚಟ". ಬೀಡಿಯ ವಾಸನೆ ನಮಗೆ ನಾತ, ಸಿಗರೇಟಿನದು ಬರೀ ವಾಸನೆ. ಬೀಡಿಯೊಳಗೆ ಹೊಗೆಸೊಪ್ಪಿನ ಪುಡಿ ಸಿಗರೇಟಿಗಿಂತ ಕಡಿಮೆ ಇರುವುದು ಹೌದು. ಆದರೆ ಎಲೆ ಬೇಗ ಆರುತ್ತದೆ. ಆರದ ಹಾಗೆ ಮತ್ತೆ ಮತ್ತೆ, ಜೋರಾಗಿ ಎಳೆಯಬೇಕು. ಹಾಗಾಗಿ ಎದೆಯೊಳಗೆ ಹೋಗುವ ಟಾರು, ವಿಷಗಾಳಿ ಸಿಗರೇಟಿನದ್ದಕ್ಕಿಂತ ಕಡಿಮೆ ಅಲ್ಲ. ಎರಡೂ ಕೊಲ್ಲುತ್ತವೆ. ಮರ್ಯಾದೆ ಮಾತ್ರ ಒಂದಕ್ಕೆ ಉಂಟು, ಇನ್ನೊಂದಕ್ಕೆ ಇಲ್ಲ.

ಪ್ರಾಯದ ವಿಷಯ ಇನ್ನೊಂದು. ನಮ್ಮಲ್ಲಿ ಮಗ ಅಪ್ಪನ ಎದುರು ಸೇದುವುದಿಲ್ಲ. ಅಪ್ಪ ಬಂದರೆ ಸಿಗರೇಟನ್ನು ಅಂಗೈಯೊಳಗೆ ಮುಚ್ಚಿ ಹಿಂದೆ ಹಿಡಿಯುತ್ತಾನೆ. ಕೈ ಸುಟ್ಟರೂ ಸರಿ. ಅಪ್ಪನಿಗೂ ಗೊತ್ತು, ಗೊತ್ತಿಲ್ಲದ ಹಾಗೆ ಕೆಮ್ಮಿಕೊಂಡು ಆಚೆ ಹೋಗುತ್ತಾನೆ. "ನನ್ನ ಮಗ ಸೇದುತ್ತಾನೆ, ಆದರೆ ಇಷ್ಟರವರೆಗೆ ನನ್ನ ಎದುರು ಸೇದಲಿಲ್ಲ ಸಿಸ್ಟರ್" ಎಂದು ತಾಯಂದಿರು ಹೆಮ್ಮೆಯಿಂದ ನಮ್ಮ ಹತ್ತಿರ ಹೇಳಿದ್ದುಂಟು. ಅಂದರೆ ನಮ್ಮ ಲೆಕ್ಕದಲ್ಲಿ ಸೇದುವುದು ತಪ್ಪಲ್ಲ, ಕಾಣುವ ಹಾಗೆ ಸೇದುವುದು ತಪ್ಪು. ಈ ಅಡಗಿಸುವ ಪಾಠವನ್ನು ನಾವೇ ಮನೆಯಲ್ಲಿ ಕಲಿಸಿದ್ದು. ಹದಿನಾರರ ಹುಡುಗ ಅಡಗಿಸಿ ಕಲಿತವನು ನಲವತ್ತರಲ್ಲಿ ಕಫದಲ್ಲಿ ರಕ್ತ ಕಂಡರೂ ಅಡಗಿಸುತ್ತಾನೆ.

ಇನ್ನು ಹೆಣ್ಣು ಗಂಡು. ಮದುವೆ ಮಾತುಕತೆಯಲ್ಲಿ "ಹುಡುಗನಿಗೆ ಬೀಡಿ ಸಿಗರೇಟು ಉಂಟಾ?" ಎಂದು ಕೇಳುತ್ತೇವೆ. ಉಂಟು ಎಂದರೆ, "ಹೋಗಲಿ, ಕುಡಿಯುವುದಿಲ್ಲವಲ್ಲ" ಎಂದು ಸಮಾಧಾನ. ಹುಡುಗಿಯ ವಿಷಯದಲ್ಲಿ ಈ ಪ್ರಶ್ನೆ ಕೇಳುವುದೇ ಇಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗಿಯ ಕೈಯಲ್ಲಿ ಸಿಗರೇಟು ಕಂಡಿತು ಎಂಬ ಸುದ್ದಿ ಬಂದರೆ, ಅದು ಅವಳ ಶ್ವಾಸಕೋಶದ ಸುದ್ದಿ ಆಗುವುದಿಲ್ಲ, ಅವಳ ನಡತೆಯ ಸುದ್ದಿ ಆಗುತ್ತದೆ. ಗಂಡಸು ಸೇದಿದರೆ ಆರೋಗ್ಯ ಹಾಳು, ಹೆಂಗಸು ಸೇದಿದರೆ ಮಾನ ಹಾಳು. ಹೆಂಗಸರೂ ಸೇದಲಿ ಎಂದು ಹೇಳುತ್ತಿಲ್ಲ ಮಾರಾಯ್ರೇ, ತಪ್ಪು ತಿಳಿಯಬೇಡಿ! ಒಂದೇ ಕಾಯಿಲೆಗೆ ಎರಡು ನ್ಯಾಯ ಯಾಕೆ ಎಂದು ಕೇಳುತ್ತಿದ್ದೇವೆ, ಅಷ್ಟೆ.

ಲೆಕ್ಕವನ್ನೂ ನೋಡೋಣ. 2016-17ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ದೇಶದಲ್ಲಿ 15 ವರ್ಷ ದಾಟಿದವರ ತಂಬಾಕು ಬಳಕೆಯ ದೊಡ್ಡ ಸಮೀಕ್ಷೆ ಮಾಡಿಸಿತು. ನೂರು ಗಂಡಸರಲ್ಲಿ 19 ಮಂದಿ ಸೇದುವವರು. ನೂರು ಹೆಂಗಸರಲ್ಲಿ ಇಬ್ಬರು ಮಾತ್ರ. ಆದರೆ ನೂರರಲ್ಲಿ ಹೆಚ್ಚುಕಡಿಮೆ 13 ಹೆಂಗಸರು ಹೊಗೆಸೊಪ್ಪನ್ನು ಜಗಿಯುವುದೋ, ತಿಕ್ಕುವುದೋ, ಬಾಯಲ್ಲಿ ಇಟ್ಟುಕೊಳ್ಳುವುದೋ ಮಾಡುತ್ತಾರೆ. ಇಬ್ಬರು ಎಲ್ಲಿ, ಹದಿಮೂರು ಎಲ್ಲಿ? ಆ ಹದಿಮೂರು ಜನ ಸಂಘದಲ್ಲಿ ಅಧ್ಯಕ್ಷೆ ಆಗಬಹುದು, ಚಾಪೆಯ ಮೇಲೆ ಕೂತು ಎಲೆ ಅಡಿಕೆ ಪೆಟ್ಟಿಗೆ ಬಿಚ್ಚಿ ಪಕ್ಕದವಳಿಗೂ ಒಂದು ಚೂರು ಕೊಡಬಹುದು. ಆ ಇಬ್ಬರು ಮಾತ್ರ ಬಚ್ಚಲು ಕೊಟ್ಟಿಗೆಯ ಹಿಂದೆ ಕೂರಬೇಕು. ಬಾಯಿಯ ಕ್ಯಾನ್ಸರಿಗೆ ಈ ವ್ಯತ್ಯಾಸ ಗೊತ್ತಿಲ್ಲ.

ಈಗ ಒಬ್ಬ ಅಜ್ಜಿಯ ವಿಷಯ ಹೇಳುತ್ತೇವೆ. ಹೆಸರು, ಊರು ಬೇಡ. ಘಟ್ಟದ ಬುಡದ ಒಂದು ಗ್ರಾಮ. ಅರುವತ್ತು ದಾಟಿದ ವಿಧವೆ, ಅಡಿಕೆ ತೋಟದಲ್ಲಿ ಕೂಲಿ. ಮಗಳು ತೀರಿಹೋಗಿ ಮೊಮ್ಮಗನನ್ನು ಇವರೇ ಸಾಕುತ್ತಿದ್ದರು. ಇಪ್ಪತ್ತರ ಪ್ರಾಯದಲ್ಲಿ, ಮಳೆಗಾಲದ ಬೆಳಿಗ್ಗೆ ಗದ್ದೆಗೆ ಇಳಿಯುವ ಮೊದಲು ಚಳಿಗೆ ಅಂತ ಗಂಡನ ಬೀಡಿಯಿಂದ ಒಂದು ದಮ್ಮು ಎಳೆದದ್ದು. ಹಸಿವೆ ಸ್ವಲ್ಪ ಸಾಯುತ್ತಿತ್ತಂತೆ. ಗಂಡ ಹೋದರು, ಬೀಡಿ ಉಳಿಯಿತು. ದಿನಕ್ಕೆ ಹದಿನೈದು.

ಆ ವಠಾರದಲ್ಲಿ ಹದಿನಾಲ್ಕು ಹೆಂಗಸರ ಸಂಘ. ವಾರ ವಾರ ಉಳಿತಾಯ, ಪುಸ್ತಕ ಚೊಕ್ಕ, ಸಾಲ ಮರುಪಾವತಿ ಚೊಕ್ಕ. ಅಜ್ಜಿ ಎರಡು ಸಲ ಸೇರಿಸಿಕೊಳ್ಳಿ ಎಂದು ಕೇಳಿದರು. "ಬೀಡಿ ಸೇದುವವರನ್ನು ಸೇರಿಸಿದರೆ ನಮ್ಮ ಸಂಘಕ್ಕೆ ಎಂತ ಮರ್ಯಾದೆ?" ಎಂದು ಇಬ್ಬರು ಮೂವರು ಹೇಳಿದರು, ಉಳಿದವರು ಸುಮ್ಮನಿದ್ದರು. ನಿರ್ಣಯ ಪುಸ್ತಕದಲ್ಲಿ ಕಾರಣ ಬರೆಯಲಿಲ್ಲ. "ಸದ್ಯಕ್ಕೆ ಹೊಸ ಸದಸ್ಯರು ಬೇಡ" ಎಂದು ಬರೆದರು. ಆ ಹದಿನಾಲ್ಕು ಮಂದಿಯಲ್ಲಿ ಒಂಬತ್ತು ಮಂದಿ ಬೀಡಿ ಕಟ್ಟುವವರು.

ಅಜ್ಜಿಗೆ ಕೆಮ್ಮು ಶುರುವಾಯಿತು. ಒಂದು ಆಸ್ಪತ್ರೆಗೆ ಹೋದರು. ಸಾಲಿನಲ್ಲಿ ನಿಂತ ಎಲ್ಲರೂ ಕೇಳುವ ಹಾಗೆ, "ಬೀಡಿ ಎಳೀತೀಯಲ್ಲ, ಕೆಮ್ಮದೆ ಇನ್ನೇನು? ಮೊದಲು ಅದನ್ನು ಬಿಟ್ಟು ಬಾ" ಎಂದು ಕಳಿಸಿದರು. ಹಿಂದೆ ನಿಂತವರು ನಕ್ಕರು. ಅಜ್ಜಿ ಮತ್ತೆ ಹೋಗಲಿಲ್ಲ. ಬೀಡಿ ಬಿಡಲು ಆಗಲಿಲ್ಲ, ಬಿಡದೆ ಹೋಗಬಾರದಲ್ಲ! ಹನ್ನೊಂದು ತಿಂಗಳು ಕೆಮ್ಮಿದರು. ಸಂಘದಲ್ಲಿ ಇದ್ದಿದ್ದರೆ ವಾರಕ್ಕೊಮ್ಮೆ ಹದಿನಾಲ್ಕು ಜನರ ಕಿವಿಗೆ ಆ ಕೆಮ್ಮು ಬೀಳುತ್ತಿತ್ತು, ಯಾರಾದರೊಬ್ಬರು ಆಶಾ ಕಾರ್ಯಕರ್ತೆಗೆ ಹೇಳುತ್ತಿದ್ದರು. ಕೇಳುವವರೇ ಇಲ್ಲದ ಕಡೆ ಕೆಮ್ಮಿದರು.

ಕೊನೆಗೆ ಮನೆ ಮನೆ ಭೇಟಿಗೆ ಬಂದ ಆಶಾ ಕಾರ್ಯಕರ್ತೆ ಅಂಗಳದಲ್ಲಿ ಕೂತು, "ಅಜ್ಜಿ, ಕೆಮ್ಮು ಯಾವಾಗಿನಿಂದ?" ಎಂದು ಕೇಳಿದರು. ಬೀಡಿಯ ವಿಷಯ ತೆಗೆಯಲೇ ಇಲ್ಲ. ಕಫದ ಡಬ್ಬಿ ಕೊಟ್ಟರು. ಕ್ಷಯ ಎಂದು ಬಂತು. ಮೊಮ್ಮಗನನ್ನೂ ಪರೀಕ್ಷೆ ಮಾಡಿಸಿದರು, ಅವನಿಗೂ ಹಿಡಿದಿತ್ತು. ಏಳು ವರ್ಷದ ಮಗು. ಅವನು ಯಾರ ಬೀಡಿ ಸೇದಿದ್ದ ಹೇಳಿ?

ಬೀಡಿ ಸೇದಿದ್ದರಿಂದಲೇ ಕ್ಷಯ ಬಂತು ಎಂದಲ್ಲ. ಕ್ಷಯಕ್ಕೆ ಕಾರಣ ರೋಗಾಣು. ಆದರೆ ಸೇದುವವರ ಶ್ವಾಸಕೋಶಕ್ಕೆ ಅದನ್ನು ತಡೆಯುವ ಶಕ್ತಿ ಕಡಿಮೆ. ಸೇದದವರಿಗೆ ಹೋಲಿಸಿದರೆ ಅವರಿಗೆ ಕ್ಷಯ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು. ಅಂದ ಮೇಲೆ ಸೇದುವವರ ಕೆಮ್ಮನ್ನು ಎಲ್ಲರಿಗಿಂತ ಮೊದಲು ಪರೀಕ್ಷೆ ಮಾಡಿಸಬೇಕು. ನಾವು ಮಾಡುವುದು ತಿರುಗಾಮುರುಗಾ. "ಅದು ಬೀಡಿ ಕೆಮ್ಮು" ಎಂದು ಬಿಟ್ಟುಬಿಡುತ್ತೇವೆ.

ಇಬ್ಬರೂ ಗುಣವಾದರು, ದೇವರ ದಯೆ. ಮದ್ದು ಉಚಿತ. ಪೌಷ್ಟಿಕ ಆಹಾರಕ್ಕೆಂದು ಸರ್ಕಾರದಿಂದ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರಿನಿಂದ 1000 ಆಗಿದೆ. ಆದರೆ ಅಜ್ಜಿಯ ಶ್ವಾಸಕೋಶ ಹನ್ನೊಂದು ತಿಂಗಳಲ್ಲಿ ಹಾಳಾದದ್ದು ಹಾಳಾಯಿತು. ಈಗ ಗುಡ್ಡೆ ಹತ್ತಲು ಆಗುವುದಿಲ್ಲ, ತೋಟದ ಕೆಲಸ ಹೋಯಿತು. ಬೀಡಿ ಬಿಟ್ಟಿದ್ದಾರೆ. ಹೇಗೆ ಬಿಟ್ಟರು ಗೊತ್ತುಂಟಾ? ಆ ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ಬಂದಾಗ ಮಾತಿನ ನಡುವೆ "ಇವತ್ತು ಎಷ್ಟಾಯಿತು ಅಜ್ಜಿ?" ಎಂದು ಕೇಳುತ್ತಿದ್ದರು. ಹನ್ನೆರಡು ಎಂದರೆ ಹನ್ನೆರಡು, ನಾಲ್ಕು ಎಂದರೆ ನಾಲ್ಕು. ಒಂದು ವಾರ ನಾಲ್ಕರಿಂದ ಮತ್ತೆ ಒಂಬತ್ತಕ್ಕೆ ಹೋಯಿತು. ಆಗಲೂ ಬೈಯಲಿಲ್ಲ. ಸುಳ್ಳು ಹೇಳುವ ಅಗತ್ಯವೇ ಅಜ್ಜಿಗೆ ಬೀಳಲಿಲ್ಲ.

ಅದೇ ಸಂಘದ ಸಭೆಗೆ ನಾವು ಹೋಗಿ ಈ ವಿಷಯ ಇಟ್ಟೆವು. ಮತ್ತೆ ಮರ್ಯಾದೆಯ ಮಾತು ಬಂತು. ಆಗ ಹೊಸದಾಗಿ ಮದುವೆಯಾಗಿ ಬಂದ ಒಬ್ಬ ಹುಡುಗಿ, ಮೊರ ಮಡಿಲಲ್ಲೇ ಇತ್ತು, ಎಲೆ ಸುರುಳಿ ಮಾಡುತ್ತಾ ಮೆಲ್ಲಗೆ ಕೇಳಿದಳು: "ಅಜ್ಜಿ ಸೇದಿದ ಬೀಡಿ ಕಟ್ಟಿದ್ದು ಯಾರು?"

ಯಾರೂ ಮಾತಾಡಲಿಲ್ಲ. ಆ ದಿನವೇ ಅಜ್ಜಿಯನ್ನು ಸೇರಿಸಿಕೊಳ್ಳುವ ನಿರ್ಣಯ ಆಯಿತು. ಇಬ್ಬರು ಹೋಗಿ ಕರೆದರು. ಅಜ್ಜಿ ಬರಲಿಲ್ಲ. "ಈಗ ಎಂತಕ್ಕೆ ಮಗ? ಕೂಲಿ ಇದ್ದಾಗ ಉಳಿತಾಯ ಕಟ್ಟುತ್ತಿದ್ದೆ. ಈಗ ಎಲ್ಲಿಂದ ಕಟ್ಟಲಿ?" ಎಂದರಂತೆ.

ಆ ಹುಡುಗಿಯ ಪ್ರಶ್ನೆ ಕೇಳಿ ಬೀಡಿ ಕಟ್ಟುವವರು ತಲೆ ತಗ್ಗಿಸಬೇಕು ಎಂದು ನಾವು ಹೇಳುವುದಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ದೇಶದಲ್ಲಿ ಸುಮಾರು 50 ಲಕ್ಷ ಬೀಡಿ ಕಾರ್ಮಿಕರಿದ್ದಾರೆ ಎಂದು ಸರ್ಕಾರದ ಲೆಕ್ಕ, ಅವರಲ್ಲಿ ಹೆಚ್ಚಿನವರು ಹೆಂಗಸರು. ನಮ್ಮ ಜಿಲ್ಲೆಯಲ್ಲಿ ಎಷ್ಟು ಮನೆಗಳ ಅಕ್ಕಿ, ಎಷ್ಟು ಮಕ್ಕಳ ಶಾಲೆಯ ಫೀಸು, ಎಷ್ಟು ಹೆಣ್ಣುಮಕ್ಕಳ ಕುತ್ತಿಗೆಯ ಚಿನ್ನ ಈ ಮೊರದಿಂದ ಬಂತು! ಗಂಡನ ಕೈ ನೋಡದೆ ಬದುಕಲು ಸಾಧ್ಯ ಎಂದು ನಮ್ಮ ಹೆಂಗಸರಿಗೆ ಮೊದಲು ತೋರಿಸಿದ್ದೇ ಬೀಡಿ. ನಮ್ಮ ಸಂಘಗಳ ಮೊದಲ ಹತ್ತು ರೂಪಾಯಿ ಉಳಿತಾಯ ಕೂಡ ಹೆಚ್ಚಿನ ಕಡೆ ಬೀಡಿಯ ಹಣವೇ. ಅದರ ಬೆಲೆಯನ್ನೂ ನೀವೇ ಕೊಟ್ಟಿದ್ದೀರಿ. ಹೊಗೆಸೊಪ್ಪಿನ ಪುಡಿ ಎದೆಗೆ ಹೋಗುತ್ತದೆ, ಸೊಂಟ ಹೋಗುತ್ತದೆ, ಕಣ್ಣು ಹೋಗುತ್ತದೆ. ಸೇದದೆಯೇ ತಂಬಾಕಿನ ರೋಗ! ನಿಪ್ಪಾಣಿಯ ಕಡೆ ಬೀಡಿಯ ಹೊಗೆಸೊಪ್ಪು ಬೆಳೆಯುವವರು, ಹುಣಸೂರು, ಪಿರಿಯಾಪಟ್ಟಣದ ಕಡೆ ಸಿಗರೇಟಿನ ಹೊಗೆಸೊಪ್ಪು ಬೆಳೆಯುವವರು, ಮಧ್ಯಪ್ರದೇಶ, ಛತ್ತೀಸಗಢದ ಕಾಡಿನಲ್ಲಿ ಬಿಸಿಲಿಗೆ ಬೀಡಿ ಎಲೆ ಕೊಯ್ಯುವವರು, ಎಲ್ಲರೂ ಹೊಟ್ಟೆಪಾಡಿಗೆ ಮಾಡುವವರು. ಬೇರೆ ಕೆಲಸ ಬೇಕು, ಅದಕ್ಕಾಗಿ ಮಲ್ಲಿಗೆ, ಹೈನುಗಾರಿಕೆ, ಟೈಲರಿಂಗ್ ಎಂದು ನಾವು ಪ್ರಯತ್ನ ಮಾಡುತ್ತಲೇ ಇದ್ದೇವೆ. ಅದು ನಿಧಾನದ ಕೆಲಸ. ಇವತ್ತು ಕಟ್ಟುವವಳನ್ನು ಹಳಿಯುವುದರಿಂದ ಅದು ಬೇಗ ಆಗುವುದಿಲ್ಲ.

ಆದರೆ ಕಟ್ಟುವ ಕೈಗೆ ನಾವು ಕೊಡುವ ಈ ತಿಳುವಳಿಕೆಯನ್ನು ಸೇದುವ ಬಾಯಿಗೆ ಯಾಕೆ ಕೊಡುವುದಿಲ್ಲ? ಅವರದ್ದೂ ಒಂದು ಕಥೆ ಇರುತ್ತದೆ. ಚಳಿ, ಹಸಿವು, ರಾತ್ರಿ ಪಾಳಿ, ಲಾರಿ ಓಡಿಸುವಾಗ ಬರುವ ನಿದ್ದೆ, "ಬೆಂಕಿ ಉಂಟಾ?" ಎಂದು ಕೇಳಿ ಸಿಕ್ಕಿದ ಗೆಳೆಯರು.

"ಮನಸ್ಸು ಮಾಡಿದರೆ ಬಿಡಬಹುದು ಸಿಸ್ಟರ್, ಇವರಿಗೆ ಮನಸ್ಸಿಲ್ಲ" ಎನ್ನುತ್ತೀರಿ. ಮನಸ್ಸು ಇಲ್ಲ ಎಂದು ಹೇಳಿದವರು ಯಾರು? ಅದೇ ಸಮೀಕ್ಷೆಯಲ್ಲಿ ಸೇದುವವರಲ್ಲಿ ನೂರಕ್ಕೆ 55 ಮಂದಿ ಬಿಡುವ ಯೋಚನೆ ಉಂಟು ಎಂದು ಹೇಳಿದ್ದಾರೆ. ಅಂದರೆ ಅರ್ಧಕ್ಕಿಂತ ಹೆಚ್ಚು ಜನ. ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಎಂಬ ವಸ್ತು ದಮ್ಮು ಎಳೆದ ಕೆಲವೇ ಸೆಕೆಂಡಿನಲ್ಲಿ ಮೆದುಳಿಗೆ ಮುಟ್ಟುತ್ತದೆ, ಒಂದು ಹಿತ ಕೊಡುತ್ತದೆ. ಅದು ಇಳಿದ ಹಾಗೆ ಮತ್ತೆ ಬೇಕು ಎನಿಸುತ್ತದೆ. ಬಿಟ್ಟ ಮೊದಲ ಮೂರು ದಿನ ಬಹಳ ಕಷ್ಟ. ಸಿಟ್ಟು, ತಲೆನೋವು, ನಿದ್ದೆ ಇಲ್ಲ, ಕೈಗೆ ಕೆಲಸ ಇಲ್ಲದ ಹಾಗೆ. ಎರಡು ಮೂರು ವಾರದಲ್ಲಿ ಕಡಿಮೆಯಾಗುತ್ತಾ ಬರುತ್ತದೆ. ಆ ಮೂರು ದಿನಗಳಲ್ಲೇ ಮನೆಯವರು, "ಬೀಡಿ ಬಿಟ್ಟ ಮಹಾತ್ಮ ಬಂದ ನೋಡಿ" ಎಂದು ಕೊಂಕು ಮಾತಾಡಿದರೆ ಅವನು ಗೂಡಂಗಡಿಗೆ ಹೋಗದೆ ಎಲ್ಲಿಗೆ ಹೋಗುತ್ತಾನೆ? ಒಬ್ಬ ರಿಕ್ಷಾ ಡ್ರೈವರು ನಮಗೆ ಹೇಳಿದ್ದು: "ಮೂರು ಸಲ ಬಿಟ್ಟೆ ಸಿಸ್ಟರ್. ಮೂರು ಸಲವೂ ಹೆಂಡತಿ ಇಡೀ ಊರಿಗೆ ಹೇಳಿದಳು. ಮತ್ತೆ ಶುರು ಮಾಡಿದಾಗ ಇಡೀ ಊರು ನಕ್ಕಿತು. ಈಗ ಬಿಡಬೇಕು ಅನಿಸಿದರೂ ಅವಳಿಗೆ ಹೇಳುವುದಿಲ್ಲ."

ಹಾಗಾದರೆ ಗಂಡ ಮನೆಯೊಳಗೆ ಹೊಗೆ ಬಿಡುತ್ತಾ ಕೂತರೆ ಸುಮ್ಮನಿರಬೇಕಾ ಎಂದು ಕೇಳುತ್ತೀರಿ. ಖಂಡಿತ ಇಲ್ಲ. ಆ ಹೊಗೆ ಸಣ್ಣ ಮಕ್ಕಳಿಗೆ ನ್ಯುಮೋನಿಯಾ, ದಮ್ಮು, ಕಿವಿ ಸೋರುವ ತೊಂದರೆ ತರುತ್ತದೆ. ಸೇದದ ಹೆಂಡತಿಗೂ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಈಗಾಗಲೇ ಸೌದೆ ಒಲೆಯ ಹೊಗೆ ಕುಡಿದ ಎದೆ ನಿಮ್ಮದು, ಅದರ ಮೇಲೆ ಇದು. (ಸೌದೆ ಒಲೆಯಿಂದ ಎದೆ ಕೆಟ್ಟ ಹೆಂಗಸರು ಆಸ್ಪತ್ರೆಗೆ ಹೋದರೆ ಅಲ್ಲಿಯೂ ಮೊದಲ ಪ್ರಶ್ನೆ "ಸೇದುತ್ತೀರಾ?" ಪಾಪ, ಅವರು ಗಾಬರಿಯಾಗುತ್ತಾರೆ.) ಮನೆಯ ಒಳಗೆ, ಮಗುವಿನ ಹತ್ತಿರ ಸೇದಬಾರದು ಎನ್ನುವುದು ಗಟ್ಟಿ ನಿಯಮ ಆಗಲಿ. ಅದನ್ನು ಹೇಳುವಾಗ ಹೊಗೆಯ ಬಗ್ಗೆ ಹೇಳಿ, "ನೀವು ನಾರುತ್ತೀರಿ" ಎಂದು ಅವರ ಬಗ್ಗೆ ಹೇಳಬೇಡಿ. ನೆಂಟರ ಎದುರು, ಮಕ್ಕಳ ಎದುರು, ಊಟಕ್ಕೆ ಕೂತಾಗ ಬೇಡ. ಕುಡಿದು ಬಂದ ಹೊತ್ತಿನಲ್ಲಂತೂ ಬೇಡವೇ ಬೇಡ, ಕೈ ಎತ್ತುವ ಗಂಡ ಆದರೆ ಬೀಡಿ ಕಟ್ಟು ಕಸಿದು ಬಿಸಾಡುವ ಧೈರ್ಯ ಮಾಡಬೇಡಿ. ಬಿಡಿಸುವುದು ನಿಮ್ಮೊಬ್ಬರ ಕೆಲಸವೂ ಅಲ್ಲ. ಗಂಡ ಸೇದಿದರೆ "ಹೆಂಡತಿಗೆ ತಿದ್ದಲು ಆಗಲಿಲ್ಲ" ಎಂದು ಹೇಳುವವರು ಬೇಕಾದಷ್ಟು ಇದ್ದಾರೆ. ಅವರ ಮಾತನ್ನು ತಲೆಗೆ ಹಾಕಿಕೊಳ್ಳಬೇಡಿ.

ಮಕ್ಕಳನ್ನು ಅಂಗಡಿಗೆ ಬೀಡಿ ತರಲು ಕಳಿಸುವುದನ್ನು ಇವತ್ತೇ ನಿಲ್ಲಿಸಿ. ಅಜ್ಜನಿಗೆ ಬೀಡಿ ತಂದು, ಒಲೆಯ ಕೆಂಡದಿಂದ ಹಚ್ಚಿ ಕೊಡುವಾಗ ಒಂದು ದಮ್ಮು ಎಳೆದೇ ಶುರುವಾಯಿತು ಎಂದು ನಮಗೆ ಹೇಳಿದ ಗಂಡಸರು ಒಬ್ಬಿಬ್ಬರಲ್ಲ.

ಬಿಡುತ್ತೇನೆ ಎಂದು ಅವರಾಗಿ ಒಂದು ಮಾತು ಹೇಳಿದರೆ ಆ ಮಾತನ್ನು ಹಿಡಿದುಕೊಳ್ಳಿ. ಯಾವ ದಿನದಿಂದ ಎಂದು ಕೇಳಿ. ಚಹಾದ ನಂತರ ಸೇದುವ ಅಭ್ಯಾಸ ಇದ್ದರೆ ಕೆಲವು ದಿನ ಚಹಾದ ಬದಲು ಬೇರೆ ಏನಾದರೂ ಕೊಡಿ. ಬಾಯಿಗೆ ಲವಂಗ, ಏಲಕ್ಕಿ ಇರಲಿ. ಬೀಡಿ ಬಿಟ್ಟು ಗುಟ್ಕಾ, ಹೊಗೆಸೊಪ್ಪಿಗೆ ಹೋಗದ ಹಾಗೆ ನೋಡಿಕೊಳ್ಳಿ. 1800-11-2356 ಎಂಬ ಉಚಿತ ನಂಬರು ಉಂಟು. ಬೀಡಿ, ಸಿಗರೇಟಿನ ಪ್ಯಾಕೆಟಿನ ಮೇಲೆಯೇ ಅಚ್ಚು ಹಾಕಿರುತ್ತಾರೆ, ನಾವು ಓದುವುದಿಲ್ಲ ಅಷ್ಟೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲೂ ಅದರ ಕೇಂದ್ರ ಇದೆ. ಫೋನು ಮಾಡಬೇಕಾದದ್ದು ಸೇದುವವರು, ನಂಬರು ಬರೆದು ಕೊಡುವುದು ನಾವು. ಕೆಲವರಿಗೆ ನಿಕೋಟಿನ್ ಚೂಯಿಂಗ್ ಗಮ್ ಸಹಾಯ ಮಾಡುತ್ತದೆ, ಅದನ್ನು ಡಾಕ್ಟರ ಹತ್ತಿರ ಕೇಳಿ ತೆಗೆದುಕೊಳ್ಳಲಿ. ಬಿಟ್ಟವರು ಮತ್ತೆ ಹಚ್ಚಿದರೆ, ಎಷ್ಟು ದಿನ ಬಿಟ್ಟಿದ್ದರು ಎಂದು ಲೆಕ್ಕ ಹಾಕಿ. ಹತ್ತು ದಿನ ಬಿಟ್ಟವರಿಗೆ ಹನ್ನೊಂದನೆಯ ದಿನ ಗೊತ್ತಿಲ್ಲದ್ದು, ಹತ್ತು ದಿನ ಗೊತ್ತುಂಟು.

ಇನ್ನು ಸಂಘದ ವಿಷಯ. ನಮ್ಮ ನಿಯಮಾವಳಿಯಲ್ಲಿ ಸದಸ್ಯೆಯ ಅರ್ಹತೆ ಎಂದು ಬರೆದಿರುವುದನ್ನು ಮನೆಗೆ ಹೋಗಿ ಇನ್ನೊಮ್ಮೆ ಓದಿ. ಪ್ರಾಯ ಉಂಟು, ವಾಸ ಉಂಟು, ಉಳಿತಾಯ ಉಂಟು. ಬೀಡಿ ಸೇದಬಾರದು ಎಂದು ಎಲ್ಲಿಯೂ ಇಲ್ಲ. ಸಭೆ ನಡೆಯುವಾಗ ಯಾರೂ ಸೇದಬಾರದು, ಜಗಿದು ಉಗುಳಬಾರದು ಎಂದು ಬೇಕಾದರೆ ನಿರ್ಣಯ ಮಾಡಿ, ಅದು ಎಲ್ಲರಿಗೂ ಅನ್ವಯಿಸಲಿ. ನಿಮ್ಮ ವಠಾರದಲ್ಲಿ ಸಂಘಕ್ಕೆ ಸೇರದೆ ಉಳಿದ ಹೆಂಗಸರ ಪಟ್ಟಿ ಮಾಡಿ, ಯಾಕೆ ಉಳಿದರು ಎಂದು ಹೆಸರಿನ ಮುಂದೆ ನಿಜವಾದ ಕಾರಣ ಬರೆದು ಮುಂದಿನ ತಿಂಗಳ ಒಕ್ಕೂಟ ಸಭೆಗೆ ತನ್ನಿ. ನಾವು ಅದನ್ನು ಗಟ್ಟಿಯಾಗಿ ಓದುವುದಿಲ್ಲ, ಹೆದರಬೇಡಿ.

ಆ ಸಭೆಗೆ ಆಶಾ ಕಾರ್ಯಕರ್ತೆಯರನ್ನೂ ಕರೆದಿದ್ದೇವೆ. ಕಫದ ಡಬ್ಬಿ ಅವರ ಹತ್ತಿರ ಇರುತ್ತದೆ. ನಿಮಗಾಗಲಿ, ಮನೆಯವರಿಗಾಗಲಿ, ಪಕ್ಕದ ಮನೆಯವರಿಗಾಗಲಿ ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಬಂದು ಡಬ್ಬಿ ತೆಗೆದುಕೊಳ್ಳಿ. ಸೇದುವವರೋ ಅಲ್ಲವೋ ಎಂದು ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ, ಬಾಯಿ ಮುಕ್ಕಳಿಸಿ, ಆಳವಾಗಿ ಕೆಮ್ಮಿ ಬಂದ ಕಫ ಬೇಕು, ಎಂಜಲು ಆಗುವುದಿಲ್ಲ. ಡಬ್ಬಿಯ ಮುಚ್ಚಳ ಗಟ್ಟಿ ಹಾಕಿ.